‘ಒಟ್ಟು ಎಷ್ಟು ಜಾತಿ?’ ಎಂದು ಕೇಳುವವರಿಗೆ

ನಾನು ಕಡಲ ಸೂಕ್ಷ್ಮಜೀವಿಗಳನ್ನು ಓದಿದವಳು ಎಂದು ಗೊತ್ತಾದರೆ ಸಾಕು, ಎಲ್ಲರದ್ದೂ ಒಂದೇ ಪ್ರಶ್ನೆ: “ಸಮುದ್ರದಲ್ಲಿ ಒಟ್ಟು ಎಷ್ಟು ಜಾತಿ ಬ್ಯಾಕ್ಟೀರಿಯಾ ಇವೆ?” ಯಾರೂ ಎಣಿಸಿ ಮುಗಿಸಿಲ್ಲ. ಉತ್ತರ ಇಷ್ಟೇ. ಊಟ ಮಾಡಲು ಬಿಡಿ.

ಊಟ ಅಂದೆ ಯಾಕೆಂದರೆ, ಕುಂದಾಪುರದ ಒಂದು ಮದುವೆಯಲ್ಲಿ ಪಕ್ಕದ ಎಲೆಗೆ ಕೂತ ಹಿರಿಯರು ಮೊದಲು ನನ್ನ ಜಾತಿ ಕೇಳಿದರು, ಆಮೇಲೆ ಬ್ಯಾಕ್ಟೀರಿಯಾಗಳದ್ದು. “ಸುಮ್ನೆ ಒಂದು ರೌಂಡ್ ಫಿಗರ್ ಹೇಳಿ ಮಾರಾಯ್ರೆ.” ಎರಡಕ್ಕೂ ನಾನು ಸಾರು ಬಡಿಸುವವನ ಕಡೆ ನೋಡಿದೆ.

ತಲೆ ಎಣಿಸುವುದು ಕಷ್ಟವಲ್ಲ. ಒಂದು ಮಿಲಿಲೀಟರ್ ಕಡಲ ಮೇಲ್ನೀರಿನಲ್ಲಿ, ಅಂದರೆ ಇಪ್ಪತ್ತು ಹನಿಯಲ್ಲಿ, ಸುಮಾರು 10 ಲಕ್ಷ ಬ್ಯಾಕ್ಟೀರಿಯಾ. ವೈರಸ್ ಅದರ ಹತ್ತು ಪಟ್ಟು. ತಕರಾರು ಇರುವುದು ‘ಜಾತಿ’ಯಲ್ಲಿ. ಪ್ರೊಕ್ಲೊರೊಕಾಕಸ್ ಎಂಬ ಕಡಲ ಬ್ಯಾಕ್ಟೀರಿಯಾವನ್ನೇ ನೋಡಿ. ಹೆಸರು ಒಂದೇ. ಆದರೆ ಬಿಸಿಲು ಬೀಳುವ ಮೇಲಿನ ನೀರಿನದ್ದು ಒಂದು ಬಗೆ, ನೂರು ಮೀಟರ್ ಕೆಳಗೆ ಮಬ್ಬಿನಲ್ಲಿರುವುದು ಇನ್ನೊಂದು ಬಗೆ. ಒಂದು ಕೋಶದಲ್ಲಿ ಸುಮಾರು 2,000 ಜೀನ್, ಎಲ್ಲ ಬಗೆಯವನ್ನೂ ಸೇರಿಸಿದರೆ ಅಂದಾಜು 80,000. ಮನುಷ್ಯನಿಗೆ 20,000ದ ಆಸುಪಾಸು. ಸಾಲದ್ದಕ್ಕೆ ವೈರಸ್‌ಗಳು ಇದರ ಜೀನನ್ನು ಅದಕ್ಕೆ ದಾಟಿಸುತ್ತಿರುತ್ತವೆ. ಇವುಗಳ ಗೋತ್ರ ಎಲ್ಲಿ ಹುಡುಕುವುದು?

“ಇಷ್ಟೊಂದು ಇದ್ದೂ ಇಷ್ಟು ವರ್ಷ ಯಾಕೆ ಕಣ್ಣಿಗೆ ಬೀಳಲಿಲ್ಲ?” ಎಂದು ಕೇಳಬಹುದಿತ್ತಲ್ವಾ? ಪಾಯಸ ಆರಿದರೂ ಹೇಳುತ್ತಿದ್ದೆ. ಈ ಪ್ರೊಕ್ಲೊರೊಕಾಕಸ್, ಬಿಸಿಲಿನಿಂದ ಅನ್ನ ಮಾಡಿಕೊಳ್ಳುವ ಜೀವಿಗಳಲ್ಲಿ ಭೂಮಿಯ ಮೇಲೆ ಎಲ್ಲಕ್ಕಿಂತ ಜಾಸ್ತಿ ಇರುವುದು, ಗೊತ್ತಾಗಿದ್ದು 1980ರ ದಶಕದಲ್ಲಿ. ಸ್ಯಾಲಿ ಚಿಸಮ್ ಮತ್ತು ರಾಬರ್ಟ್ ಓಲ್ಸನ್ ಎಂಬ ಕಡಲ ವಿಜ್ಞಾನಿಗಳು ಕೋಶ ಎಣಿಸುವ ಲೇಸರ್ ಯಂತ್ರವನ್ನು ಹಡಗಿಗೆ ಹತ್ತಿಸಿದ್ದರು. ಮಸುಕಾದ ಸಂಕೇತ ಬಂದಾಗ ಮೊದಲು ಯಂತ್ರದ್ದೇ ಗಲಾಟೆ ಅಂದುಕೊಂಡಿದ್ದರಂತೆ.

ಇನ್ನೊಂದು, ಎಸ್‌ಎಆರ್11 ಎಂಬ ಕಡಲ ಬ್ಯಾಕ್ಟೀರಿಯಾ. 1990ರಲ್ಲಿ ಅಟ್ಲಾಂಟಿಕ್‌ನ ಸರ್ಗಾಸೊ ಸಮುದ್ರದ ನೀರಿನ ಜೀನ್‌ಗಳಲ್ಲಿ ಅದರ ಸುಳಿವು ಸಿಕ್ಕಿತು. ಲ್ಯಾಬಿನ ತಟ್ಟೆಯಲ್ಲಿ ಪುಷ್ಕಳ ಆಹಾರ ಹಾಕಿದರೆ ಕಡಲಿನವು ನೂರಕ್ಕೆ ಒಂದೂ ಬೆಳೆಯುವುದಿಲ್ಲ. ಅರೆಹೊಟ್ಟೆಯಲ್ಲೇ ಬದುಕಿದವಕ್ಕೆ ಮದುವೆ ಊಟ ಅರಗೀತೇ? 2002ರಲ್ಲಿ ಅಮೆರಿಕದ ಓರೆಗಾನ್ ತೀರದ ಕಡಲ ನೀರನ್ನೇ ಸೋಸಿ, ತೀರಾ ತೆಳುವಾಗಿ ಉಣಿಸಿದಾಗ ಅದು ಬೆಳೆಯಿತು.

ಮಜ್ಜಿಗೆ ಬಂದಾಗ ಹಿರಿಯರು, “ಒಂದು ಲಕ್ಷ ಇರಬಹುದಾ?” ಅಂದರು. ಇರಬಹುದು ಅಂದೆ. ಆಚೆ ಎಲೆಯವರಿಗೆ ಅದನ್ನೇ ದಾಟಿಸಿದರು, ನನ್ನ ಹೆಸರು ಸೇರಿಸಿ.