ಡೂಪ್ ಪಟ್ಟಿಯ ಲೆಕ್ಕ ದಿನಗಳಲ್ಲಿರಲಿ

ಹಳೆಯ ಡಾಸ್ ಬುಲೆಟಿನ್ ಬೋರ್ಡ್‌ಗಳನ್ನು (ದೂರದಿಂದ ಸೇರಿ ಸಂದೇಶ ಬರೆಯುವ ಕಂಪ್ಯೂಟರ್ ತಾಣಗಳು) ಫಿಡೋನೆಟ್‌ಗೆ, ಅಂದರೆ ಅವು ಪರಸ್ಪರ ಸಂದೇಶ ಹಂಚಿಕೊಳ್ಳುವ ಜಾಲಕ್ಕೆ, ಮತ್ತೆ ಜೋಡಿಸಿದಾಗ ಬರುವ ಮೊದಲ ದೂರು ಇದು: ಬಂದ ಸಂದೇಶಗಳನ್ನು ವಿಂಗಡಿಸಿ ಇಡುವ ಟಾಸರ್ ಪ್ರೋಗ್ರಾಂನಲ್ಲಿ ಡೂಪ್ (ಎರಡನೇ ಸಲ ಬಂದ ಅದೇ ಸಂದೇಶ) ತಪಾಸಣೆ ಆನ್ ಇದ್ದರೂ ಹಳೇ ಸಂದೇಶಗಳು ರಾಶಿಗಟ್ಟಲೆ ಒಳಗೆ ಬರುತ್ತವೆ.

ಒಂದು ಎಕೋಗೆ (ಹಲವು ಬೋರ್ಡ್‌ಗಳು ಹಂಚಿಕೊಳ್ಳುವ ಚರ್ಚಾ ವಿಭಾಗ) ಈಗಾಗಲೇ ಬಂದ ಸಂದೇಶಗಳ ಗುರುತು ಇಡುವ 1,000 ನಮೂದುಗಳ ಡೂಪ್ ಪಟ್ಟಿ ಇದೆ, ತುಂಬಿದ ಮೇಲೆ ಹೊಸದು ಹಳೆಯದರ ಜಾಗಕ್ಕೆ ಬರುತ್ತದೆ, ದಿನಕ್ಕೆ 200 ಸಂದೇಶ ಬರುತ್ತವೆ ಎನ್ನಿ. ಟಾಸರ್‌ಗೆ ಐದು ದಿನದ ನೆನಪಷ್ಟೇ. ನಮಗೆ ಸಂದೇಶ ಕೊಡುವ ಮೇಲಿನ ನೋಡ್ ಎರಡು ವಾರದ ರೀಸ್ಕ್ಯಾನ್ (ಹಳೆಯ ಸಂದೇಶಗಳನ್ನೇ ಮತ್ತೆ) ಕಳಿಸಿದರೆ 2,800 ಸಂದೇಶ ಬರುತ್ತವೆ. ಕೊನೆಯ ಐದು ದಿನದ್ದಾದರೂ ಸಿಕ್ಕಿಬೀಳಬೇಕಲ್ಲ? ಬೀಳುವುದಿಲ್ಲ. ಮೊದಲು ಬರುವ ಹಳೆಯ 1,000 ಸಂದೇಶಗಳು ಪಟ್ಟಿಯಲ್ಲಿ ಇಲ್ಲ, ಹಾಗಾಗಿ ಅವು ಹೊಸವೆಂದೇ ದಾಖಲಾಗಿ ಇಡೀ ಪಟ್ಟಿಯನ್ನು ಅಳಿಸಿಹಾಕುತ್ತವೆ. ಅಷ್ಟೂ 2,800 ಒಳಗೆ!

ಆಗ ಎಲ್ಲರೂ ಮಾಡುವುದು ಪಟ್ಟಿಯನ್ನು 20,000ಕ್ಕೆ ಏರಿಸುವುದು. ಟಾಸರ್‌ನ ಸೋರ್ಸ್ ಕೋಡ್ ಕೈಯಲ್ಲಿದ್ದು ನೀವೇ ತಿದ್ದುವುದಾದರೆ ಇಲ್ಲಿ ತುಂಬ ಎಚ್ಚರ ಬೇಕು. ಪಟ್ಟಿಯ ಒಂದೊಂದು ಗುರುತು ಒಂದು ಸಿಆರ್‌ಸಿ-32, ಅಂದರೆ ಸಂದೇಶದಿಂದ ಲೆಕ್ಕ ಹಾಕಿದ 32 ಬಿಟ್ ಸಂಖ್ಯೆ; ಅದಕ್ಕೆ 4 ಬೈಟ್, ಒಟ್ಟು 80,000. 16 ಬಿಟ್ ಕಂಪೈಲರ್‌ನಲ್ಲಿ ಈ ಗುಣಾಕಾರ 65,536 ದಾಟಿ ಸುತ್ತಿಕೊಂಡು 14,464 ಆಗುತ್ತದೆ. ಮೆಮೊರಿ ಕೊಡುವ ಫಂಕ್ಷನ್ ಮ್ಯಾಲಾಕ್ ಅಷ್ಟನ್ನೇ ಕೊಡುತ್ತದೆ, ಎರರ್ ತೋರಿಸುವುದಿಲ್ಲ. 3,616 ನಮೂದುಗಳ ತನಕ ಎಲ್ಲ ಸರಿ. ಆಮೇಲೆ ಬರೆದದ್ದೆಲ್ಲ ಪಕ್ಕದ ಮೆಮೊರಿಯ ಮೇಲೆ. ಯಂತ್ರ ಗಂಟೆಗಳ ನಂತರ, ಸಂಬಂಧವೇ ಇಲ್ಲದ ಜಾಗದಲ್ಲಿ ಹ್ಯಾಂಗ್ ಆಗುತ್ತದೆ. ಇನ್ನು ಡಾಸ್‌ನ 640 ಕೆಬಿ ಮೆಮೊರಿಯಲ್ಲಿ ಡಾಸ್, ಡ್ರೈವರ್‌ಗಳು, ಹಿಂದೆ ಕೂತ ಮೇಲರ್ (ಬೇರೆ ನೋಡ್‌ಗಳ ಜೊತೆ ಸಂದೇಶ ವಿನಿಮಯ ಮಾಡುವ ಪ್ರೋಗ್ರಾಂ) ಎಲ್ಲ ಪಾಲು ಕೇಳುತ್ತವೆ.

ಪಟ್ಟಿಯನ್ನು ಡಿಸ್ಕ್‌ಗೆ ಸಾಗಿಸುವುದೇ ಸರಿ. 128 ಕೆಬಿಯ ಒಂದು ಫೈಲ್, ಅದರಲ್ಲಿ 512 ಬೈಟ್‌ನ 256 ಖಾನೆ. ಸಿಆರ್‌ಸಿಯ ಕೆಳಗಿನ 8 ಬಿಟ್ ಯಾವ ಖಾನೆ ಎಂದು ಹೇಳುತ್ತದೆ. ಖಾನೆಯ ಮೊದಲ 4 ಬೈಟ್ ಮುಂದಿನ ಜಾಗದ ಗುರುತು, ಉಳಿದದ್ದು 127 ನಮೂದು. ಒಟ್ಟು 32,512. ಎಲ್ಲ ಎಕೋ ಸೇರಿ ದಿನಕ್ಕೆ 1,500 ಸಂದೇಶ ಬಂದರೂ ಸುಮಾರು ಮೂರು ವಾರದ ನೆನಪು, ಮೆಮೊರಿಯಲ್ಲಿ ಒಂದೇ ಸೆಕ್ಟರ್ (512 ಬೈಟ್). ಸಿಆರ್‌ಸಿಗೆ ಎಕೋ ಹೆಸರನ್ನೂ ಸೇರಿಸಿ, ಇಲ್ಲವಾದರೆ ಎರಡು ಎಕೋಗೆ ಹಾಕಿದ ಒಂದೇ ಸಂದೇಶ ಡೂಪ್ ಅನ್ನಿಸಿಕೊಳ್ಳುತ್ತದೆ. ಜಾಗ ಉಳಿಸಲು ಸಿಆರ್‌ಸಿ-16 ಬೇಡವೇ ಬೇಡ: ಪಟ್ಟಿಯಲ್ಲಿ 1,000 ಇದ್ದರೆ ನೂರರಲ್ಲಿ ಒಂದೂವರೆ ಒಳ್ಳೆಯ ಸಂದೇಶ ಸುಮ್ಮನೆ ಬಲಿ.

ಯಾವುದರ ಸಿಆರ್‌ಸಿ? ಕಳಿಸಿದವರು, ಪಡೆಯುವವರು, ವಿಷಯ, ಸಮಯ ಇಷ್ಟನ್ನೇ ನಂಬಿದರೆ ಭಾಗ ಭಾಗವಾಗಿ ಒಂದೇ ಸೆಕೆಂಡಿನಲ್ಲಿ ಹಾಕಿದ ಫೈಲಿನ ಎರಡನೇ ತುಂಡು ಮಾಯವಾಗಬಹುದು. ಎಂಎಸ್‌ಜಿಐಡಿ (ಸಂದೇಶ ಬರೆಯುವ ಪ್ರೋಗ್ರಾಂ ಹಾಕುವ ವಿಳಾಸ ಮತ್ತು ಸೀರಿಯಲ್ ನಂಬರ್) ಅದಕ್ಕಿಂತ ಮೇಲು, ಆದರೆ ಗಡಿಯಾರದ ಸೆಕೆಂಡನ್ನೇ ಸೀರಿಯಲ್ ನಂಬರ್ ಮಾಡುವ ಪ್ರೋಗ್ರಾಂಗಳಿಂದ ಅದೇ ತೊಂದರೆ ಅಲ್ಲೂ ಬರುತ್ತದೆ. ಅದಕ್ಕೇ ಸಿಕ್ಕ ಡೂಪನ್ನು ಅಳಿಸಬಾರದು, ಬೇರೆ ಏರಿಯಾದಲ್ಲಿ ಇಡಬೇಕು. ವಾರಕ್ಕೊಮ್ಮೆ ತೆರೆದು ನೋಡಿದರೆ ತಪ್ಪಾಗಿ ಹಿಡಿದದ್ದು ಕಣ್ಣಿಗೆ ಬೀಳುತ್ತದೆ.

ಬರೆಯುವ ಕ್ರಮ: ಮೊದಲು ಸಂದೇಶ ಬೇಸ್‌ಗೆ (ಸಂದೇಶಗಳನ್ನು ಇಡುವ ಫೈಲ್‌ಗಳಿಗೆ), ಆಮೇಲೆ ಡೂಪ್ ಪಟ್ಟಿಗೆ. ನಡುವೆ ಕರೆಂಟ್ ಹೋದರೆ ಒಂದು ಸಂದೇಶ ಎರಡು ಸಲ ಕಾಣಿಸುತ್ತದೆ, ಅಷ್ಟೇ. ಕ್ರಮ ಉಲ್ಟಾ ಆದರೆ, ಸಂದೇಶಗಳನ್ನು ಹೊತ್ತು ಬಂದ ಅದೇ ಪ್ಯಾಕೆಟ್ ಫೈಲನ್ನು ಮತ್ತೆ ಓದುವಾಗ ಎಲ್ಲೂ ಸೇರದ ಸಂದೇಶವನ್ನೇ ಟಾಸರ್ ಡೂಪ್ ಎಂದು ತಳ್ಳಿಬಿಡುತ್ತದೆ.