ಟರ್ಮಿನಲ್‌ನಲ್ಲಿ 8 ಎಂಬಿ, ಸರ್ವಿಸ್‌ಗೆ ಬರೀ 1

ಅವತ್ತು ಬಂದಿದ್ದು ವಿಚಿತ್ರ ದೂರು. ಒಂದೇ ಪ್ರೋಗ್ರಾಂ, ಒಂದೇ ಇನ್‌ಪುಟ್ ಫೈಲ್. ಟರ್ಮಿನಲ್‌ನಿಂದ ಓಡಿಸಿದರೆ ಸರಾಗವಾಗಿ ಮುಗಿಯುತ್ತದೆ. ಸರ್ವಿಸ್ ಆಗಿ, ಅಂದರೆ ಹಿನ್ನೆಲೆಯಲ್ಲಿ ಓಡಿಸಿದರೆ ಸೆಗ್ಮೆಂಟೇಶನ್ ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿ ಕ್ರ್ಯಾಶ್). ಮೆಷಿನ್‌ನಲ್ಲಿ ಮೆಮೊರಿ ಬೇಕಾದಷ್ಟು ಖಾಲಿ ಇತ್ತು.

ಕ್ರ್ಯಾಶ್ ಆದ ಕ್ಷಣದ ಮೆಮೊರಿ ಉಳಿಸಿಟ್ಟ ಕೋರ್ ಫೈಲನ್ನು ಡಿಬಗ್ಗರ್ ಜಿಡಿಬಿಯಲ್ಲಿ ತೆರೆದರೆ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿ) ಮುಗಿಯುವ ಲಕ್ಷಣವೇ ಇಲ್ಲ. ಒಂದೇ ಫಂಕ್ಷನ್ ತನ್ನನ್ನೇ ಕರೆಯುತ್ತಾ ಹೋಗಿದೆ. ಸ್ಟ್ಯಾಕ್, ಅಂದರೆ ಫಂಕ್ಷನ್ ಕರೆಗಳ ಲೆಕ್ಕ ಇಡುವ ಮೆಮೊರಿ ಜಾಗ, ತುಂಬಿದ್ದು ಖಚಿತ.

"8 ಎಂಬಿ ಇದೆಯಲ್ಲ, ನೀವೇ ನೋಡಿ" ಎಂದು ಸಹೋದ್ಯೋಗಿ ಸ್ಟ್ಯಾಕ್ ಮಿತಿ ತೋರಿಸುವ ಯುಲಿಮಿಟ್ ಮೈನಸ್ ಎಸ್ ಕಮಾಂಡ್ ಹೊಡೆದು ತೋರಿಸಿದರು. 8192 ಬಂತು. ಅದು ಕೆಬಿ ಲೆಕ್ಕ, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಕಾಣುವ ಅಂಕಿ. ಆದರೆ ಅದು ಅವರ ಶೆಲ್‌ನ (ಟರ್ಮಿನಲ್‌ನಲ್ಲಿ ಕಮಾಂಡ್ ಓಡಿಸುವ ಪ್ರೋಗ್ರಾಂ) ಮಿತಿ. ಪ್ರೊಸೆಸ್‌ಗೆ (ಓಡುತ್ತಿರುವ ಪ್ರೋಗ್ರಾಂಗೆ) ಮಿತಿ ಬರುವುದು ಅದನ್ನು ಹುಟ್ಟಿಸಿದ ಪ್ರೊಸೆಸ್‌ನಿಂದ, ಅಲ್ವಾ? ನಮ್ಮ ಸರ್ವಿಸ್ ಆ ಶೆಲ್‌ನಿಂದ ಹುಟ್ಟಿದ್ದೇ ಅಲ್ಲ. ಸುಮ್ನೆ ಪ್ರೊಸೆಸ್ಸನ್ನೇ ಕೇಳೋಣ ಅಂದೆ.

ಅಷ್ಟರಲ್ಲಿ, ಸರ್ವಿಸ್‌ಗಳನ್ನು ನಡೆಸುವ ಸಿಸ್ಟಂಡಿ ಅದನ್ನು ಮತ್ತೆ ಎಬ್ಬಿಸಿತ್ತು. ಪ್ರಾಕ್ ಡೈರೆಕ್ಟರಿಯಲ್ಲಿ ಅದರ ಪಿಐಡಿಯ (ಪ್ರೊಸೆಸ್ ಸಂಖ್ಯೆ) ಫೋಲ್ಡರ್, ಅದರೊಳಗೆ ಲಿಮಿಟ್ಸ್ ಫೈಲ್. ಮ್ಯಾಕ್ಸ್ ಸ್ಟ್ಯಾಕ್ ಸೈಜ್ ಸಾಲಿನಲ್ಲಿ 1048576. ಸಾಫ್ಟ್ (ಈಗ ಜಾರಿಯಲ್ಲಿರುವ ಮಿತಿ), ಹಾರ್ಡ್ (ಅದನ್ನು ಏರಿಸಬಹುದಾದ ಗರಿಷ್ಠ) ಎರಡೂ ಅಷ್ಟೇ. ಇಲ್ಲಿ ಲೆಕ್ಕ ಬೈಟ್‌ಗಳಲ್ಲಿ. (ಅಲ್ಲಿ ಕೆಬಿ, ಇಲ್ಲಿ ಬೈಟ್ ಯಾಕಿಟ್ಟರೋ!) ಅಂದರೆ ಬರೀ 1 ಎಂಬಿ.

ಹುಡುಕಿದರೆ, ಸ್ಟಾರ್ಟ್ ಸ್ಕ್ರಿಪ್ಟ್‌ನಲ್ಲಿ ಯಾರೋ ಹಿಂದೆ ಯುಲಿಮಿಟ್ ಮೈನಸ್ ಎಸ್ 1024 ಎಂದು ಬರೆದಿದ್ದರು. ಥ್ರೆಡ್ (ಒಂದೇ ಪ್ರೊಸೆಸ್‌ನೊಳಗೆ ಜೊತೆಜೊತೆಗೆ ಓಡುವ ಕೆಲಸ) ಜಾಸ್ತಿ ಇದ್ದಾಗ ಮಾಡಿದ ಉಳಿತಾಯ ಇರಬೇಕು. ಹೊಸ ಥ್ರೆಡ್‌ಗೆ ಎಷ್ಟು ಸ್ಟ್ಯಾಕ್ ಅನ್ನುವುದನ್ನು ಲಿನಕ್ಸ್‌ನ ಸಿ ಲೈಬ್ರರಿ ಜಿಲಿಬ್‌ಸಿ ಇದೇ ಮಿತಿ ನೋಡಿ ಗೊತ್ತು ಮಾಡುತ್ತದೆ. ಸ್ಕ್ರಿಪ್ಟ್‌ನಲ್ಲಿ ಹಾಗೆ ಬರೆದರೆ ಹಾರ್ಡ್ ಮಿತಿಯೂ ಇಳಿಯುತ್ತದೆ. ಆಮೇಲೆ ಸಾಮಾನ್ಯ ಯೂಸರ್‌ಗೆ ಅದನ್ನು ಏರಿಸಲು ಬರುವುದಿಲ್ಲ.

ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಆಗಿ ಪಿಆರ್‌ಲಿಮಿಟ್ ಕಮಾಂಡ್ ಓಡಿಸಿ, ನಡೆಯುತ್ತಿದ್ದ ಪ್ರೊಸೆಸ್‌ಗೇ 8 ಎಂಬಿ ಕೊಟ್ಟೆವು. ಲಿಮಿಟ್ಸ್ ಫೈಲ್‌ನಲ್ಲಿ ಅಂಕಿ ಬದಲಾಯಿತು, ಕ್ರ್ಯಾಶ್ ಮಾತ್ರ ನಿಲ್ಲಲಿಲ್ಲ. ಫೈಲ್ ಓದುತ್ತಿದ್ದುದು ಮುಖ್ಯ ಥ್ರೆಡ್ ಅಲ್ಲ, ಆಗಲೇ ಹುಟ್ಟಿದ್ದ ವರ್ಕರ್ ಥ್ರೆಡ್. ಅದರ ಸ್ಟ್ಯಾಕ್ ಅಳತೆ ಹುಟ್ಟುವಾಗಲೇ ತೀರ್ಮಾನವಾಗಿರುತ್ತದೆ. ಸ್ಕ್ರಿಪ್ಟ್‌ನ ಆ ಸಾಲು ಅಳಿಸಿ ರೀಸ್ಟಾರ್ಟ್ ಮಾಡಿದ ಮೇಲೆ ಫೈಲ್ ಪೂರ್ತಿ ಓಡಿತು.

"ಅನ್‌ಲಿಮಿಟೆಡ್ ಮಾಡಿಬಿಡೋಣ, ತಲೆನೋವೇ ಬೇಡ" ಎಂದರು ಸಹೋದ್ಯೋಗಿ. ನಾನು ಬೇಡ ಅಂದೆ. ಕೊನೆಯೇ ಇಲ್ಲದ ರಿಕರ್ಷನ್ (ಫಂಕ್ಷನ್ ತನ್ನನ್ನೇ ಕರೆಯುವುದು) ಶುರುವಾದರೆ ಅದನ್ನು ತಡೆಯುವುದು ಈ ಮಿತಿಯೇ. ಅದೂ ಅಲ್ಲದೆ, ಅನ್‌ಲಿಮಿಟೆಡ್ ಕಂಡರೆ ಜಿಲಿಬ್‌ಸಿ ತನ್ನದೇ ಅಂಕಿ ಹಿಡಿಯುತ್ತದೆ. 64 ಬಿಟ್ ಇಂಟೆಲ್, ಎಎಂಡಿ ಮೆಷಿನ್‌ಗಳಲ್ಲಿ ಆಗ ಹೊಸ ಥ್ರೆಡ್‌ಗೆ ಸಿಗುವುದು 8 ಎಂಬಿ ಅಲ್ಲ, 2 ಎಂಬಿ.