ಇಲ್ಲದ ಕೂದಲನ್ನು ಇದೆ ಅಂತ ಬರೆದ ದಿನ

ನಾನು ಏನು ಕೆಲಸ ಮಾಡ್ತೀನಿ ಅಂತ ಯಾರಾದರೂ ಕೇಳಿದರೆ ಅಮ್ಮ "ಲ್ಯಾಬಲ್ಲಿ ಇದ್ದಾಳೆ" ಅಂತ ಹೇಳಿ ಮಾತು ಮುಗಿಸುತ್ತಾರೆ. ಮಗಳು ಇಲಿಯ ಕಿವಿಯೊಳಗಿನ ನುಸಿ ಎಣಿಸುತ್ತಾಳೆ ಅಂತ ಮದುವೆ ಮನೆಯಲ್ಲಿ ಹೇಳೋಕಾಗುತ್ತಾ? ಆದರೆ ಕೆಲಸ ಅದೇ. ಆಲೂರು, ಸಕಲೇಶಪುರ, ಬೇಲೂರು ಕಡೆಯ ತೋಟಗಳಲ್ಲಿ ಬೋನಿಗೆ ಬಿದ್ದ ಇಲಿ, ಹೆಗ್ಗಣ, ಸೊಂಡಿಲಿಗಳ ಮೈಮೇಲಿನ ಚಿಗ್ಗರ್ ನುಸಿಗಳನ್ನು ತಂದು, ಹಾಸನದಲ್ಲಿ ಕೂತು ಅವು ಯಾವ ಜಾತಿ ಅಂತ ಗುರುತಿಸುವುದು. ಈ ಕೆಲಸದಲ್ಲಿ ನಾನು ಮಾಡಿದ ಒಂದು ಎಡವಟ್ಟಿನ ಕಥೆ ಇದು.

ಮೊದಲು ನುಸಿಯ ಬಗ್ಗೆ ಹೇಳಿಬಿಡುತ್ತೇನೆ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ನುಸಿ ಅಂದರೆ ತೆಂಗಿನಕಾಯಿ ನುಸಿ. ಕಾಯಿಯ ಸಿಪ್ಪೆ ಕಂದಾಗಿ ಬಿರಿದು, ಗಾತ್ರ ಸಣ್ಣದಾಗುವುದು ಅಲ್ಲಿಯ ಬೆಳೆಗಾರರಿಗೆಲ್ಲ ಗೊತ್ತು. ಅದಕ್ಕಿರುವುದು ನಾಲ್ಕೇ ಕಾಲು. ಸಕಲೇಶಪುರ ದಾಟಿದರೆ ಜನಕ್ಕೆ ನೆನಪಾಗುವುದು ಉಣುಗು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಚಿಗ್ಗರ್ ಇವೆರಡೂ ಅಲ್ಲ. ಅದು ಮಣ್ಣಿನಲ್ಲಿ ಬದುಕುವ ಒಂದು ನುಸಿಯ ಮರಿ. ದೊಡ್ಡದಾದ ಮೇಲೆ ಪ್ರಾಣಿಗಳ ತಂಟೆಗೇ ಬರುವುದಿಲ್ಲ, ಹುಳುಗಳ ಮೊಟ್ಟೆ ತಿಂದುಕೊಂಡು ಇರುತ್ತದೆ. ಮರಿಯಾಗಿದ್ದಾಗ ಮಾತ್ರ ಒಂದು ಸಲ ಇಲಿಗೋ ಸೊಂಡಿಲಿಗೋ ಅಂಟಿಕೊಂಡು ಹೊಟ್ಟೆ ತುಂಬಿಸಿಕೊಳ್ಳುತ್ತದೆ.

ರಕ್ತ ಹೀರುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಇಲ್ಲ. ಎಂಜಲು ಬಿಟ್ಟು ಚರ್ಮವನ್ನು ಕರಗಿಸಿ, ಆ ರಸವನ್ನು ಕುಡಿಯುತ್ತದೆ. ಎಂಜಲೇ ಗಟ್ಟಿಯಾಗಿ ಚರ್ಮದೊಳಗೆ ಒಂದು ಸಣ್ಣ ಕೊಳವೆ ಆಗುತ್ತದೆ. ಸ್ಟ್ರಾ ಹಾಕಿ ಎಳನೀರು ಕುಡಿದ ಹಾಗೆ ಅಂದುಕೊಳ್ಳಿ.

ಈ ಮರಿಗಳಲ್ಲಿ ಕೆಲವು ಜಾತಿಯವು ಸ್ಕ್ರಬ್ ಟೈಫಸ್ ಜ್ವರ ತರುತ್ತವೆ. ರೋಗಾಣುವಿನ ಹೆಸರು ಓರಿಯೆಂಟಿಯಾ ಸುತ್ಸುಗಾಮುಶಿ. ತೋಟದ ಕೆಲಸದವರಿಗೆ, ಹುಲ್ಲು ಕೊಯ್ಯುವವರಿಗೆ ಇದರ ಭಯ ಜಾಸ್ತಿ. ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟ ಹಾಗೆ ಕಪ್ಪು ಗಾಯ ಆಗಬಹುದು, ಅದೂ ಕಂಕುಳು, ತೊಡೆಸಂದಿ, ಸೊಂಟದಪಟ್ಟಿ ಕೂರುವ ಕಡೆ. ಹುಡುಕದೆ ಕಾಣಿಸುವುದಿಲ್ಲ. ಬೇಗ ಗೊತ್ತಾದರೆ ಡಾಕ್ಸಿಸೈಕ್ಲಿನ್ ಮಾತ್ರೆಗೆ ಬಗ್ಗುವ ಕಾಯಿಲೆ.

ಇಲ್ಲಿ ಒಂದು ವಿಷಯ ನನಗೆ ಕೆಲಸಕ್ಕೆ ಸೇರಿದ ಎಷ್ಟೋ ದಿನ ತಲೆಗೆ ಹೋಗಿರಲಿಲ್ಲ. ಮರಿ ಉಣ್ಣುವುದು ಸಾಮಾನ್ಯವಾಗಿ ಒಂದೇ ಸಲ. ಹಾಗಿದ್ದ ಮೇಲೆ ಇಲಿಯಿಂದ ರೋಗಾಣು ತೆಗೆದುಕೊಂಡು ಅದೇ ಮರಿ ಮನುಷ್ಯನಿಗೆ ಹೇಗೆ ಕೊಡುತ್ತದೆ? ಕೊಡುವುದಿಲ್ಲ. ತಾಯಿ ನುಸಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ರೋಗಾಣು ಬಂದಿರುತ್ತದೆ. ಇಲಿ ಊಟ ಬಡಿಸುತ್ತದೆ, ರೋಗಾಣುವನ್ನು ತಲೆಮಾರಿನಿಂದ ತಲೆಮಾರಿಗೆ ಕಾಪಾಡಿಕೊಂಡು ಬರುವುದು ನುಸಿಯೇ. ಅದಕ್ಕೇ ಇಲಿ ಎಷ್ಟಿವೆ ಅನ್ನುವುದಕ್ಕಿಂತ ಅವುಗಳ ಮೇಲೆ ಯಾವ ನುಸಿ ಇದೆ ಅನ್ನುವುದು ಮುಖ್ಯ. ಪ್ರಪಂಚದಲ್ಲಿ ಸುಮಾರು 3,000 ಜಾತಿಯ ಚಿಗ್ಗರ್‌ಗಳಿಗೆ ಹೆಸರಿಟ್ಟಿದ್ದಾರೆ. ರೋಗ ತರುವುದು ಅವುಗಳಲ್ಲಿ ಬೆರಳೆಣಿಕೆಯವು. ನಮ್ಮ ದೇಶದಲ್ಲಿ ಮುಖ್ಯವಾದದ್ದು ಲೆಪ್ಟೊಟ್ರಾಂಬಿಡಿಯಂ ಡೆಲಿಯೆನ್ಸೆ. ಸುಮಾತ್ರಾ ದ್ವೀಪದ ಡೆಲಿ ಅನ್ನುವ ಕಡೆ ಸಿಕ್ಕಿದ್ದಕ್ಕೆ 1922ರಲ್ಲಿ ಆ ಹೆಸರು ಬಂತು.

ಈಗ ಕಥೆಗೆ ಬರುತ್ತೇನೆ.

ಮಳೆ ಹಿಂದೆ ಸರಿಯುತ್ತಿದ್ದ ದಿನಗಳು. ಆಲೂರು ಕಡೆಯ ಒಂದು ಕಾಫಿ ತೋಟದ ಲೈನ್ ಮನೆಗಳ ಸುತ್ತ ಬೋನು ಇಟ್ಟಿದ್ದೆವು. ನಮ್ಮ ಜೊತೆಗಿರುವ ಫೀಲ್ಡಿನ ಅಣ್ಣನಿಗೆ ಇದರಲ್ಲಿ ಕೈ ಪಳಗಿದೆ. ಕೊಬ್ಬರಿ ಚೂರನ್ನು ಕೆಂಡದ ಮೇಲೆ ಸುಟ್ಟು ಕೆಲವಕ್ಕೆ, ಒಣಮೀನು ಕೆಲವಕ್ಕೆ ಕಟ್ಟುತ್ತಾರೆ. ಸೊಂಡಿಲಿಗೆ ಮೀನೇ ಬೇಕು. ಅಂದ ಹಾಗೆ, ಸೊಂಡಿಲಿ ಇಲಿಯೇ ಅಲ್ಲ, ಹುಳ ತಿನ್ನುವ ಬೇರೆ ಗುಂಪಿನ ಪ್ರಾಣಿ. ರಾತ್ರಿ ಗೋಡೆ ಪಕ್ಕ ಚಿಕ್ ಚಿಕ್ ಅಂತ ಓಡುವ, ನಾತ ಬಿಡುವ, ಉದ್ದ ಮೂಗಿನದು. ಚಿಗ್ಗರ್ ಮಟ್ಟಿಗೆ ಅದು ನಮಗೆ ಇಲಿಗಿಂತ ಮುಖ್ಯ. ಎಷ್ಟೋ ಸಲ ಅದರ ಕಿವಿಯಲ್ಲೇ ಹೆಚ್ಚು ಸಿಗುತ್ತದೆ.

ಬೆಳಿಗ್ಗೆ ಬೋನು ಎತ್ತುವಾಗ ಲೈನ್ ಮನೆಯ ಒಬ್ಬ ಅಜ್ಜಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡುತ್ತಾ ನಿಂತಿದ್ದರು. "ಯಾಕವ್ವಾ, ಹಾಸನದಲ್ಲಿ ಇಲಿ ಇಲ್ವಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ದಿನ ಸಿಕ್ಕ ಒಂದು ಇಲಿಯ ಕಿವಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಮೆತ್ತಿದ ಹಾಗಿತ್ತು. ಲೆನ್ಸ್ ಹಿಡಿದರೆ ಎಲ್ಲ ಚಿಗ್ಗರ್. ಒಂದೊಂದೂ ಮಿಲಿಮೀಟರ್‌ನ ಐದನೇ ಒಂದು ಭಾಗದಷ್ಟು, ಹೊಟ್ಟೆ ತುಂಬಿದವು ಸ್ವಲ್ಪ ದೊಡ್ಡವು. ನನಗೆ ಖುಷಿಯೋ ಖುಷಿ. ಚಿಮಟದಲ್ಲಿ ಹಿಡಿದು ಒಂದೊಂದಾಗಿ ಕಿತ್ತು, 70% ಆಲ್ಕೋಹಾಲ್ ಇರುವ ಸೀಸೆಗೆ ಹಾಕಿದೆ. ತಪ್ಪು ಅಲ್ಲಿಂದಲೇ ಶುರುವಾಗಿತ್ತು. ಅದು ಗೊತ್ತಾಗಿದ್ದು ಆಮೇಲೆ.

(ಸೀಸೆಗೆ ಚೀಟಿ ಹಾಕುವುದನ್ನು ಮಾತ್ರ ನಾನು ಅಷ್ಟರಲ್ಲಿ ಕಲಿತಿದ್ದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಪೆನ್ನಿನಲ್ಲಿ ಬರೆದು ಹಾಕಿ, ಮಾರನೇ ದಿನ ನೋಡಿದರೆ ಆಲ್ಕೋಹಾಲ್ ನೀಲಿ, ಚೀಟಿ ಬಿಳಿ. ಯಾವ ಪ್ರಾಣಿ, ಯಾವ ಊರು, ಏನೂ ಇಲ್ಲ. ಈಗ ಪೆನ್ಸಿಲ್ ಮಾತ್ರ. ಚೀಟಿ ಸೀಸೆಯ ಒಳಗೇ.)

ಲ್ಯಾಬಿನಲ್ಲಿ ಇವುಗಳನ್ನು ಸ್ಲೈಡ್ ಮೇಲೆ ಕೂರಿಸುವುದು ಒಂದು ಕಲೆ. ಗಮ್ ಅರೇಬಿಕ್, ಕ್ಲೋರಲ್ ಹೈಡ್ರೇಟ್, ಗ್ಲಿಸರಿನ್, ಡಿಸ್ಟಿಲ್ಡ್ ನೀರು ಸೇರಿಸಿದ ಹಾಯರ್ಸ್ ಅನ್ನುವ ದ್ರಾವಣದ ಒಂದು ಹನಿ. ಅದರಲ್ಲಿ ಮರಿಯನ್ನು ಬೆನ್ನು ಮೇಲೆ ಮಾಡಿ, ಕಾಲು ಹರಡಿ ಮಲಗಿಸಬೇಕು. ಮೇಲೆ ಕವರ್ ಸ್ಲಿಪ್. ಒಳಗಿನದೆಲ್ಲ ಕರಗಿ ಮೈ ಗಾಜಿನ ಹಾಗೆ ಆಗುತ್ತದೆ, ಕೂದಲುಗಳು ಎದ್ದು ಕಾಣುತ್ತವೆ. ಓವನ್‌ನಲ್ಲಿ ಹದವಾಗಿ ಒಣಗಿಸಿ, ಕವರ್ ಸ್ಲಿಪ್ ಸುತ್ತ ನೈಲ್ ಪಾಲಿಶ್ ಬಳಿಯುತ್ತೇವೆ. ಪಾಲಿಶ್ ಬಳಿಯದಿದ್ದರೆ ನಮ್ಮ ಮಳೆಗಾಲದ ಥಂಡಿಗೆ ದ್ರಾವಣ ಮತ್ತೆ ನೀರಾಗುತ್ತದೆ. ಪ್ರಾಜೆಕ್ಟ್ ಲೆಕ್ಕದಲ್ಲಿ ನೈಲ್ ಪಾಲಿಶ್ ಬಿಲ್ ಹಾಕಿದ್ದಕ್ಕೆ ಆಫೀಸಿನವರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಗುರುತಿಸುವಾಗ ಬಣ್ಣ, ಗಾತ್ರ ಯಾವುದನ್ನೂ ನಂಬುವ ಹಾಗಿಲ್ಲ. ಆರು ಕಾಲು ಇದೆ ಅಂತ ಚಿಗ್ಗರ್ ಅನ್ನುವ ಹಾಗೂ ಇಲ್ಲ, ಯಾಕೆಂದರೆ ಉಣುಗಿನ ಮರಿಗೂ ಆರೇ ಕಾಲು. ಉಣುಗಿನ ಬಾಯಲ್ಲಿ ಹಿಂದಕ್ಕೆ ಬಾಗಿದ ಹಲ್ಲುಗಳ ಗರಗಸ ಇರುತ್ತದೆ. ಚಿಗ್ಗರ್ ಮೈಮೇಲೆ ಹಕ್ಕಿಯ ಗರಿಯ ಹಾಗೆ ಕವಲೊಡೆದ ಕೂದಲು ಇರುತ್ತವೆ. ಅಲ್ಲಿಂದ ಮುಂದೆ ಎಲ್ಲ ಬೆನ್ನ ಮೇಲಿನ ಒಂದು ಪುಟ್ಟ ಫಲಕದ ಮೇಲೆ ನಿಂತಿದೆ. ಅದಕ್ಕೆ ಸ್ಕ್ಯೂಟಮ್ ಅನ್ನುತ್ತೇವೆ. ಅದರ ಆಕಾರ ಏನು, ಅದರ ಮೇಲೆ ಎಷ್ಟು ಕೂದಲು, ಒಂದರಿಂದ ಇನ್ನೊಂದಕ್ಕೆ ಎಷ್ಟು ಮೈಕ್ರೋಮೀಟರ್ ದೂರ. ಲೆಪ್ಟೊಟ್ರಾಂಬಿಡಿಯಂನ ಫಲಕ ಅಗಲವಾದ ಚೌಕದ ಹಾಗಿದ್ದು ಐದು ಕೂದಲು ಇರುತ್ತವೆ: ಮುಂದೆ ಮಧ್ಯ ಒಂದು, ಮುಂದಿನ ಮೂಲೆಗಳಲ್ಲಿ ಎರಡು, ಹಿಂದಿನ ಮೂಲೆಗಳಲ್ಲಿ ಎರಡು. ಶೋಯೆನ್‌ಗಾಸ್ಟಿಯೆಲ್ಲಾ ಅನ್ನುವ ಗುಂಪಿನದು ನಾಲಿಗೆಯ ಹಾಗೆ ಹಿಂದಕ್ಕೆ ಚಾಚಿರುತ್ತದೆ, ಮುಂದಿನ ಮಧ್ಯದ ಕೂದಲೇ ಇಲ್ಲ. ಅದನ್ನು ಯಾರು ಬೇಕಾದರೂ ಬೇರೆ ಮಾಡಬಹುದು.

ಕಷ್ಟ ಇರುವುದು ಒಂದೇ ತರದ ಫಲಕ ಇರುವವುಗಳಲ್ಲಿ. ಫಲಕದ ನಡುವೆ ಎರಡು ವಿಶೇಷ ಕೂದಲು ಇರುತ್ತವೆ, ಸೆನ್ಸಿಲ್ಲಾ ಅಂತ. ಲೆಪ್ಟೊಟ್ರಾಂಬಿಡಿಯಂನಲ್ಲಿ ಅವು ದಾರದ ಹಾಗೆ ಸಣ್ಣಗೆ, ಉದ್ದ. ಇಲಿಗಳ ಮೇಲೆ ಸಿಗುವ ಇನ್ನೊಂದು ಗುಂಪು ಆಸ್ಕೊಶೋಯೆನ್‌ಗಾಸ್ಟಿಯಾ. ಅದರಲ್ಲೂ ಫಲಕದ ಮೇಲೆ ಐದೇ ಕೂದಲು, ಆದರೆ ಸೆನ್ಸಿಲ್ಲಾ ತುದಿ ಊದಿಕೊಂಡು ಬೆಂಕಿಕಡ್ಡಿಯ ತಲೆಯ ಹಾಗೆ ದುಂಡಗೆ. ಇಷ್ಟು ಮುಖ್ಯವಾದ ಈ ಎರಡು ಕೂದಲು ಬಹಳ ಸುಲಭವಾಗಿ ಉದುರಿ ಹೋಗುತ್ತವೆ. ಬುಡದ ಎರಡು ಗುಳಿ ಮಾತ್ರ ಉಳಿಯುತ್ತವೆ.

ಆ ಇಲಿಯ ಮೊದಲ ಕೆಲವು ಸ್ಲೈಡ್‌ಗಳು ಚೆನ್ನಾಗಿ ಬಂದಿದ್ದವು. ದಾರದಂಥ ಸೆನ್ಸಿಲ್ಲಾ ಸ್ಪಷ್ಟ. ಬೆನ್ನಿನ ಕೂದಲ ಸಾಲು ಎಣಿಸಿದೆ: ಎರಡು, ಎಂಟು, ಆರು, ಆರು, ನಾಲ್ಕು, ಎರಡು. ಡೆಲಿಯೆನ್ಸೆ. ಆಮೇಲೆ ಬಂದ ಸ್ಲೈಡ್‌ಗಳನ್ನು ನಾನು ಹಾಗೆ ನೋಡಲೇ ಇಲ್ಲ. ಕಣ್ಣು ಹಾಯಿಸಿದೆ. ಅದೇ ಇಲಿ, ಅದೇ ಕಿವಿ, ಅದೇ ಬಣ್ಣ. ರಿಜಿಸ್ಟರ್‌ನಲ್ಲಿ ಸಾಲಾಗಿ "ಸೆನ್ಸಿಲ್ಲಾ: ದಾರದಂತೆ" ಅಂತ ಬರೆದೆ. ಕೆಳಗೆ ಕೆಳಗೆ ಅದೇ, ಅದೇ ಅನ್ನುವ ಚುಕ್ಕೆ ಗುರುತು. ಸಂಜೆ ಐದರ ಬಸ್ಸು ಹಿಡಿಯುವ ಅವಸರವೂ ಇತ್ತು, ಸುಳ್ಳು ಯಾಕೆ ಹೇಳಲಿ.

ನಮ್ಮ ಮೇಡಂ ಸಹಿ ಹಾಕುವ ಮೊದಲು ಒಂದೆರಡು ಸ್ಲೈಡ್ ತೆಗೆದು ನೋಡುತ್ತಾರೆ. ಯಾವತ್ತೂ ಮೊದಲನೆಯದನ್ನು ತೆಗೆಯುವುದಿಲ್ಲ, ಪೆಟ್ಟಿಗೆಯ ನಡುವೆ ಕೈ ಹಾಕುತ್ತಾರೆ. ಒಂದನ್ನು ಆಯಿಲ್ ಲೆನ್ಸ್ ಕೆಳಗೆ ಇಟ್ಟು ಸುಮ್ಮನೆ ನೋಡಿದರು. ಆಮೇಲೆ ಜರುಗಿ ನನಗೆ ಜಾಗ ಬಿಟ್ಟರು.

"ಇದರ ಸೆನ್ಸಿಲ್ಲಾ ಎಲ್ಲಮ್ಮಾ?"

ನೋಡಿದೆ. ಫೋಕಸ್ ಮೇಲೆ ಕೆಳಗೆ ಮಾಡಿದೆ. ಎರಡು ಗುಳಿ, ಅಷ್ಟೇ.

"ಉದುರಿರಬೇಕು ಮೇಡಂ."

"ಉದುರಿದ್ದು ದಾರದ ತರ ಇತ್ತು ಅಂತ ಹೇಗೆ ಗೊತ್ತಾಯ್ತು?"

ಬೈದಿದ್ದರೆ ಎಷ್ಟೋ ವಾಸಿ ಇತ್ತು. ಅವರು ಬೈಯಲಿಲ್ಲ, ಕಾಫಿಗೆ ಹೋದರು.

ಎಲ್ಲ ಸ್ಲೈಡ್ ಮತ್ತೆ ನೋಡಲು ಎರಡು ದಿನ ಹಿಡಿಯಿತು. ಒಂದರಲ್ಲಿ ಬಲಗಡೆಯ ಸೆನ್ಸಿಲ್ಲಾ ಉಳಿದಿತ್ತು. ದುಂಡಗೆ ಬೆಂಕಿಕಡ್ಡಿ ತಲೆ. ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಯಿತು. ಅದರ ಫಲಕದ ಅಳತೆ ತೆಗೆದುಕೊಂಡು, ಬೆನ್ನಿನ ಕೂದಲು ಎಣಿಸಿ, ಸೆನ್ಸಿಲ್ಲಾ ಇಲ್ಲದ ಉಳಿದವುಗಳ ಪಕ್ಕ ಇಟ್ಟು ಹೋಲಿಸುತ್ತಾ ಹೋದೆ. ಇಂಥದ್ದು ಇನ್ನೂ ಹಲವು ಇದ್ದವು. ಒಂದೇ ಕಿವಿಯೊಳಗೆ ಎರಡು ಗುಂಪು, ಒಂದರ ಪಕ್ಕ ಒಂದು. ನಮ್ಮ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತವರೆಲ್ಲ ಒಂದೇ ಮನೆಯವರಾ? ನಾನು ಹಾಗೆ ಅಂದುಕೊಂಡಿದ್ದೆ.

ಇದರಿಂದ ಏನು ಮಹಾ ಹೋಯಿತು ಅನ್ನಬಹುದು. ಹೋಗುತ್ತಿತ್ತು. ಒಂದು ಪ್ರಾಣಿಗೆ ಸರಾಸರಿ ಎಷ್ಟು ಚಿಗ್ಗರ್ ಅಂತ ಲೆಕ್ಕ ಹಾಕುತ್ತೇವೆ. ಅದಕ್ಕೆ ಚಿಗ್ಗರ್ ಇಂಡೆಕ್ಸ್ ಅಂತ ಹೆಸರು. ಅದು 0.69 ದಾಟಿದರೆ ಆ ಜಾಗದಲ್ಲಿ ರೋಗದ ಅಪಾಯ ಇದೆ ಅಂತ ಎಚ್ಚರಿಕೆ. ಈ ಅಂಕಿ ಅರ್ಥ ಪಡೆಯುವುದು ರೋಗ ಹರಡುವ ಜಾತಿಯನ್ನು ಎಣಿಸಿದಾಗ. ಬೇರೆಯವನ್ನೆಲ್ಲ ಅದರ ಹೆಸರಿಗೆ ಸೇರಿಸಿದರೆ ಅಂಕಿ ಸುಮ್ಮನೆ ಉಬ್ಬುತ್ತದೆ. ಉಲ್ಟಾ ಆದರೆ ಇನ್ನೂ ಕೆಟ್ಟದ್ದು, ಡೆಲಿಯೆನ್ಸೆಯನ್ನು ಬೇರೆ ಹೆಸರಲ್ಲಿ ಬರೆದರೆ ಅಪಾಯ ಇರುವ ಲೈನ್ ಮನೆಗೆ ಏನೂ ಇಲ್ಲ ಅಂದ ಹಾಗೆ. ಆ ಅಜ್ಜಿಯ ಮನೆ ನೆನಪಾಯಿತು. ಬಾಗಿಲಿಂದ ಹತ್ತು ಹೆಜ್ಜೆಗೆ ಲಂಟಾನದ ಪೊದೆ. ಚಿಗ್ಗರ್ ಎಲ್ಲ ಕಡೆ ಸಮವಾಗಿ ಹರಡಿಕೊಂಡಿರುವುದಿಲ್ಲ. ಒಂದು ಪೊದೆಯ ಬುಡದಲ್ಲಿ ತುಂಬಿ ತುಳುಕುತ್ತದೆ, ನಾಲ್ಕು ಮಾರು ಆಚೆ ಒಂದೂ ಇರುವುದಿಲ್ಲ.

ಸೆನ್ಸಿಲ್ಲಾ ಅಷ್ಟೊಂದು ಉದುರಿದ್ದು ಯಾಕೆ ಅನ್ನುವುದು ಫೀಲ್ಡಿನ ಅಣ್ಣನ ಜೊತೆ ಮುಂದಿನ ಸಲ ಹೋದಾಗ ಅರ್ಥವಾಯಿತು. ನಾನು ಚಿಮಟದಲ್ಲಿ ಬೆನ್ನು ಹಿಡಿದು ಕೀಳುತ್ತಿದ್ದೆ. ಅವರು ಸಣ್ಣ ಸೂಜಿಯಲ್ಲಿ, ಮರಿ ಕಚ್ಚಿಕೊಂಡ ಚರ್ಮದ ಚೂರಿನ ಸಮೇತ ಕೆರೆದು ತೆಗೆಯುತ್ತಾರೆ. ಮರಿಯನ್ನು ಮುಟ್ಟುವುದೇ ಇಲ್ಲ. ಮೇಲಾಗಿ ನಾನು ಕವರ್ ಸ್ಲಿಪ್ ಹಾಕಿ ಬೆರಳಲ್ಲಿ ಒತ್ತುತ್ತಿದ್ದೆ, ಗುಳ್ಳೆ ಹೋಗಲಿ ಅಂತ. ಗುಳ್ಳೆಯ ಜೊತೆ ಕೂದಲೂ ಹೋಗುತ್ತಿತ್ತು. ಈಗ ಕವರ್ ಸ್ಲಿಪ್ಪನ್ನು ಒಂದು ಅಂಚಿನಿಂದ ಓರೆಯಾಗಿ ಇಳಿಸುತ್ತೇನೆ. ಗುಳ್ಳೆ ಒಂದೆರಡು ಉಳಿದರೆ ಉಳಿಯಲಿ.

ಇನ್ನೊಂದು ಅಭ್ಯಾಸ ಬದಲಾಗಿದೆ. ಒಂದು ಪ್ರಾಣಿಯಿಂದ ಸಿಕ್ಕವುಗಳಲ್ಲಿ ಕೆಲವನ್ನು ಸ್ಲೈಡ್ ಮಾಡದೆ ಆಲ್ಕೋಹಾಲ್‌ನಲ್ಲೇ ಬಿಡುತ್ತೇವೆ, ರೋಗಾಣು ಇದೆಯಾ ಅಂತ ಡಿಎನ್‌ಎ ನೋಡಲು. ಹಾಯರ್ಸ್‌ಗೆ ಹಾಕಿದರೆ ಒಳಗಿನದು ಕರಗಿಹೋಗುತ್ತದಲ್ಲ. ಹಿಂದೆ "ಸ್ಲೈಡ್ ಮಾಡಿದ್ದು ಡೆಲಿಯೆನ್ಸೆ, ಹಾಗಾಗಿ ಸೀಸೆಯಲ್ಲಿರುವುದೂ ಡೆಲಿಯೆನ್ಸೆ" ಅಂತ ಬರೆಯುತ್ತಿದ್ದೆ. ಆ "ಹಾಗಾಗಿ" ಈಗ ರಿಜಿಸ್ಟರ್‌ನಿಂದ ಹೋಗಿದೆ. ಸ್ಲೈಡ್‌ನಲ್ಲಿ ಏನೇನು ಸಿಕ್ಕಿತು ಅಂತ ಪಟ್ಟಿ, ಸೀಸೆಗೆ "ಬೆರಕೆ ಇರಬಹುದು" ಅಂತ ಒಂದು ಮಾತು.

ಚುಕ್ಕೆ ಗುರುತು ಹಾಕುವುದನ್ನೂ ಬಿಟ್ಟೆ. ಪ್ರತಿ ಸ್ಲೈಡ್‌ಗೂ ಪೂರ್ತಿ ಬರೆಯುತ್ತೇನೆ. ಕೈ ನೋಯುತ್ತದೆ, ಆದರೆ ಬರೆಯುವಾಗ ಇನ್ನೊಮ್ಮೆ ಕಣ್ಣು ಮೈಕ್ರೋಸ್ಕೋಪಿಗೆ ಹೋಗುತ್ತದೆ.

ಆ ಇಲಿಯ ಪಟ್ಟಿಯನ್ನು ತಿದ್ದಿ ಮತ್ತೆ ಕೊಟ್ಟಾಗ ಮೂರು ಸ್ಲೈಡ್‌ಗಳ ಮುಂದೆ ಹೆಸರು ಇರಲಿಲ್ಲ. ಫಲಕ ಮಡಚಿಕೊಂಡಿತ್ತು, ಅಳತೆ ಸಿಗುತ್ತಿರಲಿಲ್ಲ. "ಸೆನ್ಸಿಲ್ಲಾ ಉದುರಿದೆ, ಗುರುತಿಸಲಾಗಿಲ್ಲ" ಅಂತ ಬರೆದಿದ್ದೆ. ಮೂರು ಅಂದರೆ ಜಾಸ್ತಿ ಆಯ್ತಾ, ಏನನ್ನುತ್ತಾರೋ ಅಂತ ಅವರ ಮುಖವನ್ನೇ ನೋಡುತ್ತಾ ನಿಂತೆ. ಮೇಡಂ ಆ ಸಾಲುಗಳ ಮೇಲೆ ಬೆರಳಾಡಿಸಿದರು, ಪೆಟ್ಟಿಗೆಯ ನಡುವಿಂದ ಎರಡು ಸ್ಲೈಡ್ ತೆಗೆದು ನೋಡಿದರು, ಕೆಳಗೆ ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕುತ್ತಾ ಕೇಳಿದ್ದು ಇಷ್ಟೇ:

"ಫ್ರಿಜ್ಜಲ್ಲಿ ನನ್ನ ಮೊಸರನ್ನದ ಪಕ್ಕ ಒಣಮೀನು ಇಟ್ಟಿದ್ದು ಯಾರು?"